ಸಿಸ್ಟರ್ ಬಿಟ್ಟುಕೊಟ್ಟ ಡೇರೆ ತೋಟ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಭದ್ರಾವತಿಯಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ. ಕಾರ್ಖಾನೆ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕೆಲಸಕ್ಕೆ ಸೇರಿದ ದಿನದಿಂದ ಈ ಶ್ರಾವಣದಲ್ಲಿ ಮಣ್ಣಿಗೆ ಹೋಗುವ ತನಕ ಅವರು ಊರಿಗೆಲ್ಲ ಸಿಸ್ಟರ್. ಸಮಾಧಿಯ ಹೊತ್ತಿಗೆ ಐನೋರು ಹೆಸರು ಕೇಳಿದಾಗ, ಭದ್ರಾವತಿಯಿಂದ ಬಸ್ಸು ಹತ್ತಿ ಬಂದಿದ್ದ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಅವರ ಕೈಯಲ್ಲಿ ಹೆತ್ತವರು, ಅವರ ಕೈಗೆ ಹುಟ್ಟಿದವರು, ಒಬ್ಬರಿಗೂ ಹೆಸರು ಬಾರದು. ಕೊನೆಗೆ ಸಿಸ್ಟರ ತಮ್ಮನ ಮಗಳು ಹೇಳಿದಳು. ಅದನ್ನು ಕೇಳಿ ನನಗೆ ಯಾರೋ ಬೇರೆಯವರನ್ನು ಮಣ್ಣು ಮಾಡುತ್ತಿದ್ದಾರೇನೋ ಅನ್ನಿಸಿಬಿಟ್ಟಿತು.

ಆ ತಮ್ಮನ ಮಗಳ ಮನೆ ಸಿಂಹಧಾಮವಿರುವ ತ್ಯಾವರೆಕೊಪ್ಪದ ಹತ್ತಿರ. ಸಿಸ್ಟರ್ ಕೊನೆಯ ಕೆಲವು ತಿಂಗಳು ಇದ್ದದ್ದು ಅಲ್ಲೇ. ಅಂಗಳದಲ್ಲಿ ಒಂದೇ ಒಂದು ಡೇರೆ ಗಿಡ ಇತ್ತು. ಪಕ್ಕಕ್ಕೆ ಕೋಲು ನೆಟ್ಟು, ಬಿಳಿ ಬ್ಯಾಂಡೇಜು ಬಟ್ಟೆಯಲ್ಲಿ ಕಟ್ಟಿ ನಿಲ್ಲಿಸಿದ್ದರು. ಕರಿಗೆಂಪು ಬಣ್ಣದ ಹೂವೊಂದು ಅರಳಿ ಮಳೆಯ ಭಾರಕ್ಕೆ ತಲೆ ತಗ್ಗಿಸಿತ್ತು. ಬಂದವರಲ್ಲಿ ಅದರ ಕಡೆ ನೋಡಿದವರು ಕಡಿಮೆ. ನಾನು ನೋಡಿದೆ, ಯಾಕೆಂದರೆ ಆ ಗೆಡ್ಡೆ ಕೊಟ್ಟವಳು ನಾನೇ.

ಡೇರೆ ಎಂದರೆ ಡಾಲಿಯಾ. ಆದರೆ ನಮ್ಮ ಕಡೆ ಡಾಲಿಯಾ ಎಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಅಪ್ಪ ಅಲ್ಲಿ ಫಿಟ್ಟರ್. ನಮ್ಮ ಸಾಲಿನ ಕೊನೆಯ ಮನೆ ಸಿಸ್ಟರದು. ಮೂಲೆ ಮನೆಯಾದ್ದರಿಂದ ಮೂರು ಕಡೆಯೂ ಜಾಗ, ಮೂರು ಕಡೆಯೂ ಡೇರೆ. ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಧೂಳು ಕೂರುವ ಆ ಕಾಲೊನಿಯಲ್ಲಿ, ಮಳೆ ಹಿಡಿದ ಮೇಲೆ ಆ ಮನೆಯ ಬೇಲಿಯಾಚೆ ಹಳದಿ, ಬಿಳಿ, ಕೇಸರಿ, ನೇರಳೆ, ಕರಿಗೆಂಪು ಒಂದರ ಹಿಂದೆ ಒಂದು ಎದ್ದು ನಿಲ್ಲುತ್ತಿದ್ದವು. ಊಟದ ತಟ್ಟೆಯಷ್ಟು ಅಗಲದ ಹೂವುಗಳು. ಪಾಳಿಗೆ ಹೊರಟ ಗಂಡಸರು ಅಲ್ಲಿ ಸೈಕಲ್ ನಿಧಾನ ಮಾಡುತ್ತಿದ್ದರು. ಸೈರನ್ ಕೂಗಿದರೂ ಅಪ್ಪ ಅಲ್ಲಿ ಒಂದು ಕಾಲು ಊರಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಮನೆಯಲ್ಲಿ ನಮ್ಮ ಮುಖವನ್ನೇ ಅಷ್ಟು ಹೊತ್ತು ನೋಡದ ಮನುಷ್ಯ ಅವರು.

ಸಿಸ್ಟರ್ ಮೃದು ಸ್ವಭಾವದವರೇನೂ ಅಲ್ಲ. ಹೂವು ಬೆಳೆಸುವವರು ಹೂವಿನ ಹಾಗೆ ಇರುತ್ತಾರೆಂದು ನಂಬಿದವರು ಅವರನ್ನು ಒಮ್ಮೆ ನೋಡಬೇಕಿತ್ತು. ದಪ್ಪ ದನಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಡ್ಯೂಟಿಯಲ್ಲಿ ಮಾತ್ರ ಬಾಯಿ ಖಾಲಿ, ಆಗ ಬೈಗುಳಕ್ಕೆ ಜಾಗ ಇರುತ್ತಿತ್ತು. ವಾರ್ಡಿನಲ್ಲಿ ನೋವು ತಿನ್ನುತ್ತಿದ್ದವರಿಗೆ ಗದರುವ ದನಿಯಲ್ಲೇ ಗಿಡಗಳಿಗೂ ಗದರುತ್ತಿದ್ದರು. "ಮುಕ್ಕು, ಇನ್ನೊಂಚೂರು ಮುಕ್ಕು, ತಲೆ ಕಾಣ್ತಿದೆ" ಎಂದು ಅವರು ಮೊಗ್ಗಿನ ಮುಂದೆ ಕೂತು ಹೇಳುವುದನ್ನು ಕೇಳಿ ನಾವು ಮಕ್ಕಳು ಬೇಲಿಯಾಚೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಗಾಳಿಗೆ ಬಾಗುವ ಕಾಂಡಗಳನ್ನು ಹಳೆಯ ಬ್ಯಾಂಡೇಜು ಬಟ್ಟೆಯಲ್ಲಿ ಕೋಲಿಗೆ ಕಟ್ಟುತ್ತಿದ್ದರು. ಆ ಗಿಡಗಳಿಗೆಲ್ಲ ಮೂಳೆ ಮುರಿದಿದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ನನ್ನನ್ನು ಕಂಡಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಹುಟ್ಟಿದಾಗ ಅಳಲೇ ಇಲ್ಲ ಮಾರಾಯ್ತಿ ನೀನು. ಅಂಡಿಗೆ ಎರಡು ಬಿಗಿದ ಮೇಲೆ ಶುರು ಮಾಡಿದೋಳು, ಇವತ್ತಿನ ತನಕ ನಿಲ್ಲಿಸಿಲ್ಲ."

ಅದು ನಿಜವೂ ಹೌದು. ಡೇರೆಯ ತುದಿಯಲ್ಲಿ ಒಟ್ಟಿಗೆ ಮೂರು ಮೊಗ್ಗು ಬರುತ್ತವೆ. ನಡುವಿನದೊಂದನ್ನು ಉಳಿಸಿ ಎರಡನ್ನು ಅವರು ಉಗುರಿನಿಂದ ಚಿವುಟಿ ಹಾಕುತ್ತಿದ್ದರು. ಮೊದಲ ಸಲ ಅದನ್ನು ಕಂಡು ನಾನು ಗೋಳೋ ಎಂದು ಅತ್ತೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಚಿವುಟಿದ ಮೊಗ್ಗನ್ನೆಲ್ಲ ನನ್ನ ಲಂಗದ ಮಡಿಲಿಗೆ ಹಾಕಿ, "ಅಳೋದು ಮುಗಿದ ಮೇಲೆ ಈ ಸಾಲು ನೀನು ಚಿವುಟು" ಎಂದು ಒಳಗೆ ಹೋದರು. ನಾನು ಚಿವುಟಿದೆ. ಆ ವರ್ಷ ಆ ಸಾಲಿನ ಹೂವು ನನ್ನ ಮುಖಕ್ಕಿಂತ ದೊಡ್ಡದಾಯಿತು.

ಆ ತೋಟ ಅವರದಲ್ಲ ಎಂದು ನನಗೆ ಗೊತ್ತಾದದ್ದು ಹೈಸ್ಕೂಲಿನಲ್ಲಿದ್ದಾಗ. ಬೇಸಿಗೆಯಲ್ಲಿ ಗೆಡ್ಡೆ ಬಿಡಿಸುವ ಕೆಲಸಕ್ಕೆ ಅವರು ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಮಳೆಗಾಲ ಕಳೆದು ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ನೆರಳಲ್ಲಿ ಆರಿಸಿ, ಮರಳು ಬೂದಿ ಬೆರೆಸಿದ ಮರದ ಪೆಟ್ಟಿಗೆಯಲ್ಲಿ ಮಂಚದ ಕೆಳಗೆ ಇಡುವುದು ವಾಡಿಕೆ. ಮುಂಗಾರಿಗೆ ಮೊದಲು ಹೊರತೆಗೆದು, ಒಂದೊಂದು ಗೆಡ್ಡೆಯ ಕತ್ತಿನಲ್ಲಿ ಮೊಳಕೆಯೊಡೆಯುವ ಕಣ್ಣು ಮೂಡಿದೆಯೇ ಎಂದು ನೋಡಿ ಬಿಡಿಸಬೇಕು. ಬಿಡಿಸುವ ಬ್ಲೇಡನ್ನು ಅವರು ಕುದಿಯುವ ನೀರಿಗೆ ಹಾಕಿ ತೆಗೆಯುತ್ತಿದ್ದರು, ಕೊಯ್ದ ಜಾಗಕ್ಕೆ ಬೂದಿ ಒತ್ತುತ್ತಿದ್ದರು. ಗೆಡ್ಡೆ ಕೇಳಿಕೊಂಡು ಬಂದವರಿಗೆಲ್ಲ ಕೊಡುತ್ತಿದ್ದರು. ಆದರೆ ಕಣ್ಣು ಎಲ್ಲಿದೆ ಎಂದು ಕೇಳಿದವರೇ ಹುಡುಕಿ ತೋರಿಸಬೇಕು. ತೋರಿಸದವರು ಮರುದಿನ ಮತ್ತೆ ಬರಬೇಕು. ನಮ್ಮಮ್ಮ ಎರಡು ಸಲ ಬರಿಗೈಯಲ್ಲಿ ಬಂದು, ಮೂರನೆಯ ಸಲ ಹಳದಿಯ ಗೆಡ್ಡೆ ಒಂದನ್ನು ಗೆದ್ದು ತಂದಳು.

"ಇಷ್ಟೆಲ್ಲ ನೀವೇ ಶುರು ಮಾಡಿದ್ದಾ ಸಿಸ್ಟರ್?" ಎಂದು ನಾನು ಕೇಳಿದ್ದೆ.

"ನಾನೆಲ್ಲಿ? ನನಗೆ ಈ ಮನೆ ಸಿಕ್ಕಾಗ ಗಿಡ ಅಂದ್ರೆ ತುಳಸಿ ಒಂದೇ ಗೊತ್ತಿದ್ದಿದ್ದು" ಎಂದು ಅವರು ಕಥೆ ಹೇಳಿದರು.

ಅವರಿಗಿಂತ ಮೊದಲು ಆ ಮನೆಯಲ್ಲಿದ್ದವರು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ ಒಬ್ಬ ತಮಿಳರು. ನಿವೃತ್ತರಾಗಿ ಮನೆ ಖಾಲಿ ಮಾಡುವ ದಿನ, ಡ್ಯೂಟಿ ಮುಗಿಸಿ ಸುಸ್ತಾಗಿ ಬಂದ ಈ ಹೊಸ ನರ್ಸಮ್ಮನಿಗೆ ಅವರು ಬೀಗದ ಕೈ ಕೊಡಲೇ ಇಲ್ಲವಂತೆ. ಮೊದಲು ತೋಟ ಸುತ್ತಬೇಕು ಎಂದರಂತೆ. ಅದು ಬೇಸಿಗೆ, ನೆಲದಲ್ಲಿ ಒಂದು ಎಲೆಯೂ ಇಲ್ಲ. ಬರೀ ಮಣ್ಣಿನ ಮೇಲೆ ಬೆರಳಿಟ್ಟು, ಇಲ್ಲಿ ಬಿಳಿ, ಇಲ್ಲಿ ನೇರಳೆ ಎಂದು ತೋರಿಸುತ್ತ ಹೋದರಂತೆ. "ಇದು ನಂದಲ್ಲಮ್ಮಾ, ನನಗೆ ಮುಂಚೆ ಇದ್ದವರು ಕೊಟ್ಟಿದ್ದು, ಅವರಿಗೆ ಯಾರೋ" ಎಂದರಂತೆ. ಆಮೇಲೆ ಕಟ್ಟಳೆ ಹೇಳಿದರು. ಮನೆಯಲ್ಲಿ ಇರುವಷ್ಟು ದಿನ ಕೇಳಿದವರಿಗೆಲ್ಲ ಗೆಡ್ಡೆ ಕೊಡಬೇಕು. ಮನೆ ಬಿಡುವಾಗ ಒಂದನ್ನೂ ತೆಗೆದುಕೊಂಡು ಹೋಗಬಾರದು, ಕೊಡಿ ಎಂದು ಕೇಳಲೂ ಬಾರದು. ಯಾರಾದರೂ ತಾವಾಗಿ ಕೊಟ್ಟರೆ ಮಾತ್ರ ಬೇಡ ಅನ್ನಬಾರದು.

"ಅಷ್ಟು ಹೇಳಿ ಗೇಟಿನ ತನಕ ಹೋದರು" ಎಂದರು ಸಿಸ್ಟರ್. "ಒಂದು ಟ್ರಂಕು, ಒಂದು ಮುರುಗನ ಫೋಟೋ. ಆಟೋ ನಿಂತಿದೆ, ಹತ್ತಬಾರದಾ? ಬಗ್ಗಿ ಚಪ್ಪಲಿ ಪಟ್ಟಿ ಸರಿ ಮಾಡ್ತಾರೆ, ಮಾಡ್ತಾನೇ ಇರ್ತಾರೆ. ಪಟ್ಟಿ ಸರಿಯಾಗೇ ಇದೆ! ಥೂ, ಪಾಪ ಅನ್ನಿಸಿ ಪೆಟ್ಟಿಗೆಯಿಂದ ಒಂದು ಗೆಡ್ಡೆ ತಂದು ಕೈಗಿಟ್ಟೆ. ಅಷ್ಟು ದೊಡ್ಡ ಗಂಡಸು, ಹೆಗಲ ಮೇಲಿನ ಟವೆಲ್ಲು ಬಾಯಿಗೆ ಒತ್ತಿಕೊಂಡು ಆಟೋ ಹತ್ತಿದರು."

ಇದನ್ನು ಹೇಳಿ ಸಿಸ್ಟರ್ ಜೋರಾಗಿ ನಕ್ಕರು. ನಾನೂ ನಕ್ಕೆ. ನಮಗೆ ಅದು ತಮಾಷೆಯ ಕಥೆಯಾಗಿತ್ತು.

ಮುಂದೆ ಅಪ್ಪ ನಿವೃತ್ತರಾಗಿ ನಾವು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆವು. ನಾನು ದುರ್ಗಿಗುಡಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಅಮ್ಮ ಹಳದಿ ಡೇರೆಯನ್ನು ಪೇಂಟಿನ ಡಬ್ಬದಲ್ಲಿ ತಂದಿದ್ದಳು. ಅದು ಸಿಸ್ಟರ್ ಮನೆಯದಲ್ಲ, ನಮ್ಮ ಮನೆಯದಾಗಿತ್ತು, ಹಾಗಾಗಿ ತರಬಹುದಿತ್ತು. ಸಿಸ್ಟರ್ ನಿವೃತ್ತರಾದದ್ದು ಅದಾದ ಕೆಲವು ವರ್ಷಕ್ಕೆ. ಅವರಿಗೆ ಮದುವೆ ಇಲ್ಲ, ಮಕ್ಕಳಿಲ್ಲ, ಜೊತೆಗಿಟ್ಟುಕೊಂಡು ನೋಡಿಕೊಂಡಿದ್ದ ತಾಯಿ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ನಮ್ಮ ಶಾಲೆಯ ಹಿಂದಿನ ಬೀದಿಯಲ್ಲೇ ಅಂಗಳವಿದ್ದ ಒಂದು ಸಣ್ಣ ಬಾಡಿಗೆ ಮನೆ ನೋಡಿಕೊಂಡರು. ಸಾಮಾನು ಸಾಗಿಸುವ ದಿನ ನಾನು ಭದ್ರಾವತಿಗೆ ಹೋದೆ.

ಅದೂ ಬೇಸಿಗೆಯೇ. ಹೊಸದಾಗಿ ಮನೆ ಪಡೆದವರು ಬೇರೆ ಊರಿನಿಂದ ವರ್ಗವಾಗಿ ಬಂದ ಗಂಡ ಹೆಂಡತಿ. ಸಿಸ್ಟರ್ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಗಂಡನನ್ನು ಬಿಸಿಲಿನಲ್ಲಿ ಬರೀ ಮಣ್ಣಿನ ಸುತ್ತ ತಿರುಗಿಸಿದರು. "ಇಲ್ಲಿ ಕೇಸರಿ. ಇಲ್ಲಿ ಬಿಳಿ, ಇದಕ್ಕೆ ಗಾಳಿ ಆಗಲ್ಲ. ಇಲ್ಲಿ ಕರಿಗೆಂಪು, ಇದು ಗೆಡ್ಡೆ ಕಟ್ಟೋದೇ ಕಡಿಮೆ, ಹುಷಾರು." ಆತ ಫೋನು ನೋಡುತ್ತ "ಹೂಂ ಮೇಡಂ, ಆಯ್ತು ಮೇಡಂ" ಎನ್ನುತ್ತಿದ್ದ. ಈ ಮುದುಕಿಗೆ ಎಲ್ಲೋ ಒಂದು ಸ್ಕ್ರೂ ಸಡಿಲ ಎಂದು ಅವನಿಗೆ ಅನ್ನಿಸಿರಬೇಕು. ಪೆಟ್ಟಿಗೆಗಳನ್ನು ತೋರಿಸಿ, ಕಟ್ಟಳೆಯನ್ನೂ ಹೇಳಿ, ಸಿಸ್ಟರ್ ಬೀಗದ ಕೈ ಕೊಟ್ಟರು.

ಲಗೇಜ್ ಆಟೋ ಹೊರಡಲು ನಿಂತಿತ್ತು. ಸಿಸ್ಟರ್ ಗೇಟಿನ ತನಕ ಬಂದರು. ಬಂದವರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದರು.

ನನ್ನ ನಗು ಆಗ ಸತ್ತುಹೋಯಿತು. ಪಟ್ಟಿ ಸರಿಯಾಗಿಯೇ ಇತ್ತು. ಅವರು ಬಿಚ್ಚಿ ಹಾಕಿದರು, ಮತ್ತೆ ಬಿಚ್ಚಿ ಹಾಕಿದರು. ಹೊಸ ಮನೆಯವರು ಬಾಗಿಲಲ್ಲಿ ನಿಂತು, ಸಿಸ್ಟರ್ ಹೋದ ಮೇಲೆ ಒಳಗೆ ಹೋಗೋಣವೆಂದು ಮರ್ಯಾದೆಯಿಂದ ಕಾಯುತ್ತಿದ್ದರು. ಒಂದು ಗೆಡ್ಡೆ ಕೊಡಿ ಎಂದು ನಾನು ಅವರಿಗೆ ಕೂಗಿ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಗ್ಗಿದಲ್ಲಿಂದಲೇ ಸಿಸ್ಟರ್ ನನ್ನನ್ನು ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಆಮೇಲೆ ಎದ್ದು ಸೊಂಟ ನೀವಿಕೊಂಡು, "ನಡಿ ಮಾರಾಯ್ತಿ, ಬಿಸಿಲು" ಎಂದು ಆಟೋ ಹತ್ತಿದರು. ಒಂದು ಜೀವಮಾನ ಕೈಯಾರೆ ಬೆಳೆಸಿದ್ದರಲ್ಲಿ ಬೆರಳಷ್ಟು ಗೆಡ್ಡೆಯನ್ನೂ ಅವರು ಸೆರಗಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೇವರ ಕಟ್ಟಳೆಯಲ್ಲ, ಸರ್ಕಾರದ ಕಾನೂನಲ್ಲ, ಎಂದೋ ಹೋದ ಮನುಷ್ಯನೊಬ್ಬನಿಗೆ ಹೂಂ ಎಂದದ್ದು ಅಷ್ಟೇ. ಆ ದಿನ ಆಟೋದಲ್ಲಿ ಅವರ ಪಕ್ಕ ಕೂತು ನಾನು ಶಿವಮೊಗ್ಗಕ್ಕೆ ಬಂದೆ. ಹೆದರಿಕೆಯಂಥದೇ ಒಂದು ಗೌರವ ನನ್ನೊಳಗೆ ತುಂಬಿಕೊಂಡಿತ್ತು.

ಮುಂಗಾರಿಗೆ ಇನ್ನೂ ಕೆಲವು ದಿನವಿರುವಾಗ ಅಮ್ಮ ಒಂದು ಮದುವೆಗೆ ಭದ್ರಾವತಿಗೆ ಹೋಗಿದ್ದವಳು ಸುದ್ದಿ ತಂದಳು. ಹೊಸ ಮನೆಯವರ ಕಡೆಯ ಯಾರೋ ಹಿರಿಯರು ಊರಿಂದ ಬಂದಿದ್ದರಂತೆ. ಮಂಚದ ಕೆಳಗೆ ಪೆಟ್ಟಿಗೆಗಟ್ಟಲೆ ಗೆಣಸು ಸುಮ್ಮನೆ ಹಾಳಾಗುತ್ತಿದೆಯಲ್ಲ ಎಂದು ತೊಳೆದು, ಬೆಲ್ಲ ಹಾಕಿ ಬೇಯಿಸಿಬಿಟ್ಟರಂತೆ. ಅಕ್ಕಪಕ್ಕದವರಿಗೂ ಹಂಚಿದರಂತೆ. ಅಮ್ಮ ಇದನ್ನು ಹೇಳುವಾಗ ಅಳುತ್ತಿದ್ದಳು.

ಸಿಸ್ಟರಿಗೆ ಇದನ್ನು ಹೇಳುವ ಕೆಲಸ ನನ್ನ ತಲೆಗೆ ಬಂತು. ಅವರ ಅಂಗಳ ಆಗ ಖಾಲಿ, ಮೂಲೆಯಲ್ಲಿ ಒಂದು ತುಳಸಿ ಮಾತ್ರ. ನಾನು ಹೇಳಿ ಮುಗಿಸಿದೆ. ಎಲೆಗೆ ಸುಣ್ಣ ಸವರುತ್ತಿದ್ದ ಅವರ ಬೆರಳು ನಿಂತಿತು.

"ಎಲ್ಲಾನೂ?"

"ಎಲ್ಲಾ ಸಿಸ್ಟರ್."

"ಕರಿಗೆಂಪೂ?"

"ಹೂಂ."

ಎಲೆ ಮಡಚಿ ಬಾಯಿಗಿಟ್ಟು ಕೇಳಿದರು, "ರುಚಿ ಹೇಗಿತ್ತಂತೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮನೆಯವರಿಗೆ ಬಯ್ಯಲು ನಾನು ಬಾಯಿ ತೆಗೆದೆ. ಅವರು ಕೈ ಎತ್ತಿ ತಡೆದರು. "ಕೊಟ್ಟಾದ ಮೇಲೆ ಅವರದು. ಬೆಳೆಸ್ತಾರೋ ಬೇಯಿಸ್ತಾರೋ." ಆದರೆ ಕಣ್ಣು ತುಂಬಿ ಬಂದದ್ದನ್ನು ಅವರು ಮುಚ್ಚಿಡಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

ಮರುದಿನ ಬೆಳಿಗ್ಗೆ ಅಮ್ಮ ನನ್ನ ಕೈಗೆ ಹಳದಿಯ ಗೆಡ್ಡೆ ಕೊಟ್ಟು ಕಳಿಸಿದಳು. ಸಿಸ್ಟರ್ ಅದನ್ನು ಆಗತಾನೆ ಹುಟ್ಟಿದ ಕೂಸಿನ ಹಾಗೆ ಅಂಗೈಯಲ್ಲಿ ಮಲಗಿಸಿ, ತಿರುಗಿಸಿ, ಕತ್ತು ಹಿಡಿದು ನೋಡಿದರು.

"ನಾನು ಕೇಳಿದ್ನಾ?"

"ಇಲ್ಲ."

"ನೀನು ನಿಮ್ಮಮ್ಮನ್ನ ಕೇಳಿದ್ಯಾ?"

"ಇಲ್ಲಪ್ಪ, ಅಮ್ಮನೇ ಕೊಟ್ಟಿದ್ದು."

"ಹಾಗಾದ್ರೆ ಸರಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಹುಡುಕಲು ಎದ್ದರು.

ಅಮ್ಮನ ಬಾಯಿ ಸುಮ್ಮನಿರುವಂಥದಲ್ಲ. ಹೊಸ ಮನೆಯವರು ಸಿಸ್ಟರ ಗೆಡ್ಡೆಗಳನ್ನು ಬೇಯಿಸಿ ತಿಂದರಂತೆ ಎಂಬ ಸುದ್ದಿ ಭದ್ರಾವತಿಯ ಹಳೆಯ ಸಾಲುಗಳಲ್ಲೆಲ್ಲ ಹಬ್ಬಿತು. ಆಮೇಲೆ ಎಂದೋ ಅವರಿಂದ ಗೆಡ್ಡೆ ಒಯ್ದವರೆಲ್ಲ ಬರತೊಡಗಿದರು ನೋಡಿ! ಒಬ್ಬಳು ಬಿಳಿ ತಂದಳು, ಇನ್ನೊಬ್ಬಳು ನೇರಳೆ. ಕೆಲವರು ಆ ವರ್ಷ ಬಂದರು, ಕೆಲವರು ಮರುವರ್ಷ. ನಮ್ಮ ಹಿಂದಿನ ಸಾಲಿನಲ್ಲಿದ್ದ ತೆಲುಗಿನ ಹೆಂಗಸೊಬ್ಬರು ಟಿಫಿನ್ ಡಬ್ಬಿಯಲ್ಲಿ ಬೂದಿ ಹಾಕಿ, ಅದರೊಳಗೆ ಕರಿಗೆಂಪಿನ ಗೆಡ್ಡೆ ಹೂತು ತಂದರು. "ತಗೋ ಸಿಸ್ಟರಮ್ಮಾ, ಇದಿ ಮೀದೇ" ಎಂದರು, ಇದು ನಿಮ್ಮದೇ ಎಂದು.

"ನಂದಲ್ಲ, ನಿಂದು" ಎಂದರು ಸಿಸ್ಟರ್. "ನೀನಾಗಿ ಕೊಡ್ತಿದೀಯಾ ಹೇಳು, ತಗೊಳ್ತೀನಿ."

ಆಕೆಗೆ ಈ ತಲೆಹರಟೆ ಅರ್ಥವಾಗಲಿಲ್ಲ. ಕೊಡ್ತಿದೀನಿ ಎಂದರು, ಅಷ್ಟು ಸಾಕಾಗಿತ್ತು. ಕೆಲವು ಮಳೆಗಾಲ ಕಳೆಯುವುದರಲ್ಲಿ ದುರ್ಗಿಗುಡಿಯ ಆ ಅಂಗಳದಲ್ಲಿ ಭದ್ರಾವತಿಯ ತೋಟ ಎದ್ದು ನಿಂತಿತ್ತು. ನನ್ನ ತರಗತಿಯ ಕಿಟಕಿಯಿಂದ ಅದರ ಒಂದು ಮೂಲೆ ಕಾಣುತ್ತಿತ್ತು. ಪಾಠದ ನಡುವೆ ನಾನು ಮಾತು ನಿಲ್ಲಿಸಿ ಅತ್ತ ನೋಡಿದರೆ ಮಕ್ಕಳು ಟೀಚರಿಗೆ ಡೇರೆ ಹಿಡಿದಿದೆ ಎಂದು ನಗುತ್ತಿದ್ದರು. ಹಿಡಿದಿದ್ದು ನಿಜ. ಒಬ್ಬ ಹೆಂಗಸು ಹಂಚಿ ಹಂಚಿ ಖಾಲಿಯಾಗದೆ ಉಳಿದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಹೋದ ಬೇಸಿಗೆಯಲ್ಲಿ ಅವರ ಮೊಣಕಾಲು ಪೂರ್ತಿ ಕೈಕೊಟ್ಟಿತು. ತಮ್ಮನ ಮಗಳು ಬಂದು ಕರೆದಳು. ಹೊರಡುವ ಮೊದಲು ಸಿಸ್ಟರ್ ನನಗೆ ಹೇಳಿ ಕಳಿಸಿದರು. "ಮನೆ ಓನರ್ ಹತ್ರ ಮಾತಾಡಿದೀನಿ. ನಿಂಗೆ ಶಾಲೆಗೂ ಹತ್ರ. ಬರ್ತೀಯಾ?" ನಾನು ಮತ್ತು ನನ್ನ ಗಂಡ ಒಂದೇ ದಿನದಲ್ಲಿ ತೀರ್ಮಾನ ಮಾಡಿದೆವು.

ಬೀಗದ ಕೈ ಅವರ ಸೊಂಟದಲ್ಲಿತ್ತು. ಕೋಲೂರಿಕೊಂಡು, ಖಾಲಿ ಮಣ್ಣಿನ ಸುತ್ತ ನನ್ನನ್ನು ನಡೆಸಿದರು. ಪ್ರತಿ ಗಿಡದ ಜಾಗವೂ ನನಗೆ ಗೊತ್ತಿತ್ತು. ಆದರೂ ಅವರು ಮೊದಲ ಸಲ ಹೇಳುವವರ ಹಾಗೆ ಹೇಳಿದರು, ನಾನು ಮೊದಲ ಸಲ ಕೇಳುವವಳ ಹಾಗೆ ಹೂಂಗುಟ್ಟಿದೆ. ಬೀಗದ ಕೈ ಕೈಗೆ ಬಂತು. ಅವರು ಗೇಟಿನ ಕಡೆ ತಿರುಗಿದರು. ನಾನು ಒಳಗೆ ಓಡಿ, ಪೆಟ್ಟಿಗೆಗೆ ಕೈ ಹಾಕಿ, ಕರಿಗೆಂಪಿನ ಗೆಡ್ಡೆ ತಂದು ಅವರ ಕೈಗಿಟ್ಟೆ.

"ಚಪ್ಪಲಿ ಮುಟ್ಟೋಕೂ ಬಿಡಲಿಲ್ಲವಲ್ಲೇ!" ಎಂದು ನಕ್ಕರು. ನಾನು ಅಂದು ಕಂಡದ್ದು ಅವರಿಗೂ ನೆನಪಿತ್ತು. ಆಮೇಲೆ ಗೆಡ್ಡೆಯ ಕತ್ತನ್ನು ಬೆಳಕಿಗೆ ಹಿಡಿದು ಕಣ್ಣು ನೋಡಿದರು. ನಗು ನಿಂತಿತು.

"ಈ ವರ್ಷ ಕಣ್ಣು ಬಂದಿರೋದು ಇದೊಂದಕ್ಕೇ ಅಲ್ವೇನೇ?"

"ಹೌದು."

"ಹುಚ್ಚಿ" ಎಂದರು. ಕೊಟ್ಟರೆ ಬೇಡ ಅನ್ನುವ ಹಾಗಿರಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕಾರು ಹತ್ತಿದರು.

ಆಮೇಲೆ ಫೋನಿನಲ್ಲಿ ಮಾತಾಡಿದಾಗಲೆಲ್ಲ ಲವಲವಿಕೆಯಲ್ಲೇ ಇದ್ದರು. "ಸೈರನ್ ಇಲ್ದೆ ಇಷ್ಟು ವರ್ಷ ನಿದ್ದೆ ಸರಿ ಇರಲಿಲ್ಲ ನೋಡು, ಇಲ್ಲಿ ಸಫಾರಿ ಸಿಂಹ ಕೂಗುತ್ತೆ, ಚೆನ್ನಾಗಿದೆ" ಎನ್ನುತ್ತಿದ್ದರು. ಗಿಡ ಎಷ್ಟು ಎತ್ತರ ಬಂತೆಂದು ಹೇಳುತ್ತಿದ್ದರು. ಮೊಗ್ಗು ಬಿಟ್ಟ ವಾರ ಅವರ ಮಾತಿನಲ್ಲಿ ಹಳೆಯ ವಾರ್ಡಿನ ಗದರು ಇತ್ತು. ಅರಳಿದ ಮೇಲೆ ಎರಡು ದಿನ ನೋಡಿದರಂತೆ.

ಸಮಾಧಿ ಮುಗಿಸಿ ಬಂದು, ಎಲ್ಲರೂ ಹೊರಟ ಮೇಲೆ, ನಾನು ಆ ಗಿಡದ ಮುಂದೆ ನಿಂತೆ. ನನ್ನ ತೋಟದಲ್ಲಿ ಈ ವರ್ಷ ಎಲ್ಲ ಬಣ್ಣವೂ ಇದೆ, ಇದೊಂದಿಲ್ಲ. ಉಳಿದ ಕರಿಗೆಂಪು ಗೆಡ್ಡೆಗಳು ಕಣ್ಣಿಲ್ಲದೆ ಮಣ್ಣಲ್ಲೇ ಕೊಳೆತವು. ಟಿಫಿನ್ ಡಬ್ಬಿಯ ಹೆಂಗಸೂ ಮಗನ ಜೊತೆ ಊರು ಬಿಟ್ಟು ಹೋಗಿದ್ದಾರೆ. ಆ ಬಣ್ಣ ಈಗ ಉಳಿದಿರುವುದು ಈ ಅಂಗಳದಲ್ಲಿ ಮಾತ್ರ. ಈ ಅಂಗಳ ಸಿಸ್ಟರ ತಮ್ಮನ ಮಗಳದು. ಅವಳಿಗೆ ಹೂವಿನ ಹುಚ್ಚು ಇದೆಯೋ ಇಲ್ಲವೋ ನನಗೆ ತಿಳಿಯದು. ಮಳೆಗಾಲ ಮುಗಿದು ಗಿಡ ಒಣಗಿದಾಗ ಕಿತ್ತು ಬಿಸಾಡಿದರೆ ಅಲ್ಲಿಗೆ ಮುಗಿಯಿತು. ಒಂದು ಮಾತು ಕೇಳಿದರೆ ಸಾಕು, ಖಂಡಿತ ಕೊಡುತ್ತಾಳೆ. ಕೇಳುವ ಹಾಗಿಲ್ಲ. ಸಿಸ್ಟರ್ ಮಣ್ಣಿಗೆ ಹೋಗಿ ಇನ್ನೂ ಗಂಟೆಯಾಗಿಲ್ಲ, ಅವರ ಕಟ್ಟಳೆಯನ್ನು ನಾನು ಹೇಗೆ ಮುರಿಯಲಿ?

ಬರುತ್ತೇನೆಂದು ಹೇಳಿ ಗೇಟಿನ ತನಕ ಬಂದೆ. ನನ್ನ ಗಂಡ ಗಾಡಿ ಶುರು ಮಾಡಿಕೊಂಡು ಕಾಯುತ್ತಿದ್ದರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿ ಹಾಕಿದೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಆ ನಕ್ಷೆಯವರೂ ಹೀಗೇ ಅರಿವಿಲ್ಲದೆ ಬಗ್ಗಿರಬೇಕು, ಸಿಸ್ಟರೂ ಹೀಗೇ ಬಗ್ಗಿರಬೇಕು. ಕಣ್ಣು ಮಂಜಾಗಿ ಪಟ್ಟಿ ಕಾಣದಾಯಿತು.

ಹಿಂದಿನಿಂದ ತಮ್ಮನ ಮಗಳು ಓಡಿ ಬಂದಳು.

"ಅಕ್ಕಾ, ಈಗ ಆಗಲ್ಲ. ಹೂವಲ್ಲಿದೆ, ಕೀಳೋ ಹಾಗಿಲ್ಲ" ಎಂದಳು. ಮುಖ ಒರೆಸಿಕೊಳ್ಳುತ್ತಲೇ ನಗುತ್ತಿದ್ದಳು. "ಬೇಸಿಗೆಗೆ ಬನ್ನಿ, ಕಣ್ಣು ನೋಡಿ ನಾನೇ ಬಿಡಿಸಿ ಕೊಡ್ತೀನಿ. ಅತ್ತೆ ಎಲ್ಲಾ ಹೇಳಿಕೊಟ್ಟಿದಾರೆ. 'ಅವಳು ಬಾಯಿ ಬಿಟ್ಟು ಕೇಳೋಳಲ್ಲ, ಗೇಟಿನ ಹತ್ರ ಬಗ್ತಾಳೆ, ನೋಡ್ಕೊಂಡಿರು' ಅಂದಿದ್ರು."